ದಂಡವೋ ಶುಲ್ಕವೋ: ಇಂಗ್ಲೆಂಡಿನ ವಾಹನ ನಿಲುಗಡೆ ಕಾನೂನಿನ ಪರಿಭಾಷೆ

ನಮ್ಮ ವಿಭಾಗದ ಅನುವಾದ ತರಗತಿಯ ಅಭ್ಯಾಸಕ್ಕೆಂದು ಇಂಗ್ಲೆಂಡಿನ ಸ್ಥಳೀಯ ಆಡಳಿತದ ಕೆಲವು ಕಾಗದಪತ್ರಗಳನ್ನು ಆರಿಸಿಕೊಂಡಿದ್ದೆವು. ಅವುಗಳಲ್ಲಿ ಎರಡನ್ನು, ಅಲ್ಲಿ ವ್ಯಾಸಂಗ ಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಕಳುಹಿಸಿಕೊಟ್ಟಿದ್ದರು. ಎರಡರ ತಲೆಯ ಮೇಲೂ ಪಿ. ಸಿ. ಎನ್. ಎಂಬ ಮೂರೇ ಅಕ್ಷರಗಳು. ಒಂದು ಪತ್ರ, ಹಳದಿ ಗೆರೆಯ ಮೇಲೆ ಕಾರು ನಿಲ್ಲಿಸಿದುದಕ್ಕಾಗಿ ನಗರಸಭೆಯಿಂದ ಬಂದುದು. ಇನ್ನೊಂದು, ಅಂಗಡಿಗಳ ಮುಂದಿನ ಬಯಲಿನಲ್ಲಿ ಹೊತ್ತು ಮೀರಿ ಕಾರು ಬಿಟ್ಟುದಕ್ಕಾಗಿ ಖಾಸಗಿ ಕಂಪನಿಯೊಂದು ಕಳುಹಿಸಿದುದು. ನಮ್ಮ ವಿದ್ಯಾರ್ಥಿಗಳೆಲ್ಲರೂ ಎರಡನ್ನೂ ‘ದಂಡದ ನೋಟೀಸು’ ಎಂದೇ ಕನ್ನಡಿಸಿದರು. ವಾಕ್ಯಗಳು ಸರಾಗವಾಗಿದ್ದುವು, ಅರ್ಥ ಮಾತ್ರ ಎರಡರಲ್ಲಿಯೂ ತಪ್ಪಿತ್ತು. ಮೊದಲನೆಯದು ಇಂಗ್ಲಿಷ್ ಕಾನೂನಿನ ದೃಷ್ಟಿಯಲ್ಲಿ ಅಪರಾಧಕ್ಕೆ ವಿಧಿಸಿದ ದಂಡವಲ್ಲ. ಎರಡನೆಯದಂತೂ ಸರ್ಕಾರಕ್ಕಾಗಲಿ ನಗರಸಭೆಗಾಗಲಿ ಸಂಬಂಧಿಸಿದ್ದೇ ಅಲ್ಲ. ಇಷ್ಟು ತಿಳಿಯದೆ ಉತ್ತರ ಬರೆಯ ಹೊರಟವನು ತಪ್ಪು ಬಾಗಿಲನ್ನು ತಟ್ಟುತ್ತಾನೆ, ಅಷ್ಟರಲ್ಲಿ ಸರಿಯಾದ ಬಾಗಿಲು ಮುಚ್ಚಿರುತ್ತದೆ. ಆದುದರಿಂದ ಈ ಪರಿಭಾಷೆ ಹೇಗೆ ಹುಟ್ಟಿತು, ಇದನ್ನು ಕನ್ನಡದಲ್ಲಿ ಹೇಗೆ ಹೇಳಬಹುದು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಪರಿಶೀಲಿಸಲು ಯತ್ನಿಸಿದ್ದೇವೆ.

ಇಂಗ್ಲೆಂಡಿನ ರಸ್ತೆಗಳಲ್ಲಿ ವಾಹನ ನಿಲ್ಲಿಸಲು ಹಣ ಪಡೆಯುವ ಮೀಟರುಗಳು ಮೊದಲು ಬಂದುದು 1958ರ ಜುಲೈ ತಿಂಗಳಿನಲ್ಲಿ, ಲಂಡನ್ನಿನ ಮೇಫೇರ್ ಭಾಗದಲ್ಲಿ. ಎರಡು ವರ್ಷಗಳ ಅನಂತರ, 1960ರ ಸೆಪ್ಟೆಂಬರ್ 19ರಂದು, ಟ್ರಾಫಿಕ್ ವಾರ್ಡನ್ ಎಂಬ ಹೊಸ ನೌಕರರು ಅದೇ ನಗರದ ವೆಸ್ಟ್‌ಮಿನ್‌ಸ್ಟರ್ ಭಾಗದಲ್ಲಿ ಕೆಲಸಕ್ಕೆ ಇಳಿದರು. ಅವರು ಅಂಟಿಸಿದ ಮೊದಲ ಚೀಟಿ ಒಬ್ಬ ವೈದ್ಯರ ಕಾರಿನ ಪಾಲಿಗೆ ಬಂದಿತು. ಹೋಟೆಲೊಂದರಲ್ಲಿ ಹೃದಯಾಘಾತಕ್ಕೆ ಒಳಗಾದವನನ್ನು ನೋಡಲು ಅವರು ಹೋಗಿದ್ದರು. ಚೀಟಿಯಲ್ಲಿದ್ದ ಮೊತ್ತ ಎರಡು ಪೌಂಡು. ಜನರು ಗದ್ದಲವೆಬ್ಬಿಸಿದುದರಿಂದ ಆ ಚೀಟಿಯನ್ನು ರದ್ದು ಮಾಡಬೇಕಾಯಿತು. ಈ ಪ್ರಸಂಗವನ್ನು ಇಂಗ್ಲಿಷರು ತಮಾಷೆಗಾಗಿ ಹೇಳುವುದುಂಟು. ನಮಗೆ ಮುಖ್ಯವಾದುದು ಆ ಚೀಟಿಯ ಸ್ವರೂಪ. ಅಂದಿನ ಕಾನೂನಿನಲ್ಲಿ ತಪ್ಪಾದ ಜಾಗದಲ್ಲಿ ವಾಹನ ನಿಲ್ಲಿಸುವುದು ಅಪರಾಧ, ಅಂದರೆ ಆಫೆನ್ಸ್. ಚೀಟಿಯು ‘ಫಿಕ್ಸೆಡ್ ಪೆನಾಲ್ಟಿ’, ಗೊತ್ತುಪಡಿಸಿದ ದಂಡ. ಅದನ್ನು ಕಟ್ಟಿದರೆ ನ್ಯಾಯಾಲಯಕ್ಕೆ ಹೋಗುವ ಪ್ರಮೇಯವಿಲ್ಲ. ಕಟ್ಟದಿದ್ದರೆ ಫಿರ್ಯಾದು, ವಿಚಾರಣೆ, ತಪ್ಪಿತಸ್ಥನೆಂಬ ತೀರ್ಪು. ಚೀಟಿಯ ಹಿಂದೆ ಮ್ಯಾಜಿಸ್ಟ್ರೇಟರ ಕಟಕಟೆ ಯಾವಾಗಲೂ ಇದ್ದಿತು.

ವಾಹನಗಳು ಹೆಚ್ಚಿದಂತೆ ಈ ಏರ್ಪಾಡು ಕುಸಿಯಿತು. ಪೋಲೀಸರಿಗೆ ಇದಕ್ಕಿಂತ ದೊಡ್ಡ ಕೆಲಸಗಳಿದ್ದುವು. ವಾರ್ಡನ್ನರ ಸಂಖ್ಯೆ ಸಾಲದಾಯಿತು. ವಸೂಲಾದ ಹಣ ಕೇಂದ್ರ ಖಜಾನೆಗೆ ಹೋಗುತ್ತಿದ್ದುದರಿಂದ ಸ್ಥಳೀಯ ಸಂಸ್ಥೆಗಳಿಗೂ ಅದರಲ್ಲಿ ಆಸಕ್ತಿಯಿರಲಿಲ್ಲ. ಹೀಗಿರಲಾಗಿ 1991ರ ರಸ್ತೆ ಸಂಚಾರ ಶಾಸನವು ಒಂದು ಹೊಸ ದಾರಿಯನ್ನು ಹಿಡಿಯಿತು. ನಿಲುಗಡೆಯ ತಪ್ಪುಗಳಲ್ಲಿ ಬಹುಭಾಗವನ್ನು ಅದು ಅಪರಾಧಗಳ ಪಟ್ಟಿಯಿಂದಲೇ ತೆಗೆದುಹಾಕಿ, ಅವುಗಳ ಜಾರಿಯನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. 1994ರ ಹೊತ್ತಿಗೆ ಲಂಡನ್ನಿನ ಎಲ್ಲ ಭಾಗಗಳಲ್ಲಿಯೂ ಇದು ಜಾರಿಗೆ ಬಂದು, ಮುಂದೆ ಇತರ ಊರುಗಳಿಗೆ ಹರಡಿತು. 2004ರ ಸಂಚಾರ ನಿರ್ವಹಣಾ ಶಾಸನದ ಆರನೆಯ ಭಾಗವು ಇದನ್ನೇ ಪರಿಷ್ಕರಿಸಿತು; ಇಂಗ್ಲೆಂಡಿನಲ್ಲಿ ಅದು 2008ರ ಮಾರ್ಚ್ 31ರಿಂದ ಆಚರಣೆಗೆ ಬಂದಿತು.

ಪರಿಭಾಷೆಯ ದೃಷ್ಟಿಯಿಂದ ಇಲ್ಲಿ ನಡೆದುದು ಸ್ವಾರಸ್ಯಕರವಾದುದು. ಅಪರಾಧವು ಹೋದ ಮೇಲೆ ಅದರ ಪರಿವಾರದ ಶಬ್ದಗಳೆಲ್ಲವೂ ಅದರ ಹಿಂದೆಯೇ ಹೋಗಬೇಕಾಯಿತು. ‘ಆಫೆನ್ಸ್’ ಇದ್ದಲ್ಲಿ ‘ಕಾಂಟ್ರವೆನ್ಷನ್’ ಬಂದಿತು. ‘ಫೈನ್’ ಇದ್ದಲ್ಲಿ ‘ಪೆನಾಲ್ಟಿ ಚಾರ್ಜ್’. ಮ್ಯಾಜಿಸ್ಟ್ರೇಟರ ಸ್ಥಾನದಲ್ಲಿ ‘ಅಡ್ಜುಡಿಕೇಟರ್’. ‘ಗಿಲ್ಟಿ’ ಎಂಬುದರ ಬದಲು ‘ಲಯಬಲ್’. ವಾರ್ಡನ್ನನು ಮೊದಲು ‘ಪಾರ್ಕಿಂಗ್ ಅಟೆಂಡೆಂಟ್’ ಆಗಿ, 2008ರಲ್ಲಿ ‘ಸಿವಿಲ್ ಎನ್‌ಫೋರ್ಸ್‌ಮೆಂಟ್ ಆಫೀಸರ್’ ಆದನು. ಮಳೆಯಲ್ಲಿ ನಿಂತು ಬೈಗುಳ ಕೇಳುವ ಕೆಲಸ ಮಾತ್ರ ಮೂರು ಹೆಸರುಗಳಲ್ಲಿಯೂ ಒಂದೇ ಆಗಿತ್ತೆಂದು ತೋರುತ್ತದೆ. ಸಾಲದ ವಸೂಲಿಗೆ ಮನೆಗೆ ಬರುತ್ತಿದ್ದ ‘ಬೇಲಿಫ್’ ಕೂಡ 2014ರಿಂದ ‘ಎನ್‌ಫೋರ್ಸ್‌ಮೆಂಟ್ ಏಜೆಂಟ್’ ಎನ್ನಿಸಿಕೊಂಡನು. 2022ರಲ್ಲಿ ಲಂಡನ್ನಿನ ಹೊರಗಿನ ಸಂಸ್ಥೆಗಳಿಗೂ ತಿರುವು, ಪ್ರವೇಶ ಮೊದಲಾದ ಚಲನೆಯ ನಿಯಮಗಳನ್ನು ಜಾರಿಗೊಳಿಸುವ ಅಧಿಕಾರ ದೊರೆತಾಗ, ನಿಯಮಾವಳಿಯ ಶೀರ್ಷಿಕೆಯಲ್ಲಿದ್ದ ‘ಪಾರ್ಕಿಂಗ್’ ಎಂಬ ಮಾತು ಹೋಗಿ ‘ರೋಡ್ ಟ್ರಾಫಿಕ್’ ಬಂದಿತು.

ಇವು ಬರಿಯ ಹೆಸರಿನ ಬದಲಾವಣೆಗಳೇ ಎಂದು ಕೇಳಬಹುದು. ಅಲ್ಲ. ಪಾದಚಾರಿಗಳು ದಾಟುವ ಪಟ್ಟಿಯ ಎರಡು ಪಕ್ಕದಲ್ಲಿ ಅಲ್ಲಿನ ರಸ್ತೆಗಳಲ್ಲಿ ಅಂಕುಡೊಂಕು ಗೆರೆಗಳಿರುತ್ತವೆ. ಅವುಗಳ ಮೇಲೆ ಕಾರು ನಿಲ್ಲಿಸಿದವನಿಗೆ ಪೋಲೀಸರೂ ಚೀಟಿ ಕೊಡಬಹುದು, ನಗರಸಭೆಯವರೂ ಕೊಡಬಹುದು. ಪೋಲೀಸರ ಚೀಟಿಯಾದರೆ ಅದು ಅಪರಾಧದ್ದು. ಚಾಲನಾ ಪರವಾನಗಿಯ ಮೇಲೆ 3 ದೋಷಾಂಕಗಳು ಬೀಳುತ್ತವೆ. ನಗರಸಭೆಯದಾದರೆ ಹಣವಷ್ಟೆ, ಅಂಕಗಳಿಲ್ಲ. ಅದೇ ಕಾರು, ಅದೇ ಗೆರೆ, ಅದೇ ಗಳಿಗೆ. ಶಬ್ದ ಬೇರೆಯಾದೊಡನೆ ಫಲವೂ ಬೇರೆ. ಪುರಾವೆಯ ವಿಷಯದಲ್ಲಿಯೂ ಹೀಗೆಯೆ. ಅಪರಾಧವನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಸಾಧಿಸಬೇಕು. ಕಾಂಟ್ರವೆನ್ಷನ್ನಿಗೆ, ಆಗಿರುವುದೇ ಹೆಚ್ಚು ಸಂಭವವೆಂದು ತೋರಿದರೆ ಸಾಕು.

‘ಕಾಂಟ್ರವೆನ್ಷನ್’ ಎಂಬುದಕ್ಕೆ ಕನ್ನಡದಲ್ಲಿ ‘ಉಲ್ಲಂಘನೆ’ ಒಪ್ಪುವ ಶಬ್ದ. ದಾಟಿ ಹಾರುವುದು ಎಂಬ ಅದರ ಮೂಲಾರ್ಥ, ಗೆರೆಗಳ ಮಾತಿಗೆ ಬಹಳ ಚೆನ್ನಾಗಿಯೇ ಹೊಂದುತ್ತದೆ. ಆದರೆ ಒಂದು ತೊಡಕುಂಟು: ನಮ್ಮಲ್ಲಿ ‘ಸಂಚಾರ ನಿಯಮ ಉಲ್ಲಂಘನೆ’ ಎಂದು ಪೋಲೀಸ್ ಪ್ರಕಟಣೆಗಳಲ್ಲಿ ಬರೆಯುವುದು ಅಪರಾಧವನ್ನೇ ಕುರಿತು. ಬೇರೊಂದು ಶಬ್ದವನ್ನು ಹೊಸದಾಗಿ ಟಂಕಿಸುವುದಕ್ಕಿಂತ, ‘ಅಪರಾಧವಲ್ಲದ ಉಲ್ಲಂಘನೆ’ ಎಂದು ಮೊದಲ ಸಲ ಬಿಡಿಸಿ ಹೇಳಿ, ಅನಂತರ ‘ಉಲ್ಲಂಘನೆ’ ಎಂದಷ್ಟೇ ಬಳಸುವುದು ಮೇಲೆಂದು ನಮ್ಮ ಅಭಿಪ್ರಾಯ.

ಇನ್ನು ‘ಪೆನಾಲ್ಟಿ ಚಾರ್ಜ್.’ ಇದು ಇಂಗ್ಲಿಷಿನಲ್ಲಿಯೇ ಒಂದು ವಿಚಿತ್ರವಾದ ಜೋಡುನುಡಿ. ಪೆನಾಲ್ಟಿ ಎಂಬುದು ಶಿಕ್ಷೆಯ ಕಡೆಯ ಮಾತು. ಚಾರ್ಜ್ ಎಂಬುದು ಸೇವೆಗೆ ಕೊಡುವ ಹಣದ ಕಡೆಯ ಮಾತು. ಎರಡನ್ನೂ ಒಂದೇ ನೊಗಕ್ಕೆ ಹೂಡಿರುವುದು ‘ಫೈನ್’ ಎಂಬ ಶಬ್ದವನ್ನು ದೂರವಿಡುವುದಕ್ಕಾಗಿ. ಆ ಶಬ್ದಕ್ಕೆ ಅಲ್ಲಿ ಭಾರವಾದ ಇತಿಹಾಸವಿದೆ. 1689ರ ಹಕ್ಕುಗಳ ಶಾಸನದಲ್ಲಿ, ತಪ್ಪಿತಸ್ಥನೆಂದು ತೀರ್ಮಾನವಾಗುವುದಕ್ಕೆ ಮೊದಲೇ ವ್ಯಕ್ತಿಯ ಫೈನುಗಳನ್ನು ಕುರಿತು ಮಾಡಿದ ದತ್ತಿಗಳೂ ವಾಗ್ದಾನಗಳೂ ಅಸಿಂಧುವೆಂಬ ವಿಧಿಯೊಂದಿದೆ. ನ್ಯಾಯಾಲಯದ ತೀರ್ಪಿಲ್ಲದೆ ನಗರಸಭೆಯು ಹಣ ಕೇಳುವುದು ಈ ವಿಧಿಗೆ ವಿರುದ್ಧವೆಂದು ಹಲವು ವಾಹನಸ್ಥರು ವಾದಿಸಿದರು. ವಾದ ನಿಲ್ಲಲಿಲ್ಲ. ಪಾರ್ಲಿಮೆಂಟು ಬೇರೊಂದು ಶಾಸನದಿಂದ ಬೇರೊಂದು ವ್ಯವಸ್ಥೆಯನ್ನು ಸ್ಪಷ್ಟವಾಗಿ ಏರ್ಪಡಿಸಿರುವಾಗ ಹಳೆಯ ವಿಧಿ ಅಡ್ಡ ಬರುವುದಿಲ್ಲ. ಆದರೂ ಮುನ್ನೂರು ವರ್ಷ ಹಳೆಯದಾದ ಒಂದು ಶಬ್ದವನ್ನು ಹಿಡಿದು ಇಪ್ಪತ್ತೊಂದನೆಯ ಶತಮಾನದಲ್ಲಿ ಮೊಕದ್ದಮೆ ಹೂಡುವಷ್ಟು ಅದರಲ್ಲಿ ಜೀವವಿದ್ದುದು ಗಮನಿಸತಕ್ಕುದು.

ಕನ್ನಡದಲ್ಲಿ ನಮ್ಮ ಮುಂದೆ ಮೂರು ಶಬ್ದಗಳಿವೆ: ದಂಡ, ಜುಲ್ಮಾನೆ, ಶುಲ್ಕ. ‘ಜುಲ್ಮಾನೆ’ ಇಲ್ಲಿ ಖಂಡಿತ ಸಲ್ಲದು. ಅದರ ಮೂಲ ‘ಜುರ್ಮಾನಾ’. ‘ಜುರ್ಮ್’ ಎಂದರೆ ಅಪರಾಧ. ಯಾವುದನ್ನು ಹೊರಗಿಡಬೇಕೆಂದು ಆ ಶಾಸನ ಹವಣಿಸಿತೋ ಅದೇ ಈ ಶಬ್ದದ ಹೊಟ್ಟೆಯಲ್ಲಿದೆ. (ಜನರ ಕಿವಿಗೆ ಇದು ‘ಜುಲುಮೆ’ಯ ನೆಂಟನಂತೆ ಕೇಳಿಸುವುದುಂಟು, ಅದು ಬೇರೆ ಮೂಲದ ಮಾತು.) ‘ದಂಡ’ವು ಕೋಲು, ಶಿಕ್ಷೆ, ಸೈನ್ಯ ಎಂಬ ಅರ್ಥಗಳನ್ನೆಲ್ಲ ಹೊತ್ತು ರಾಜಶಾಸ್ತ್ರದಿಂದ ಬಂದ ಶಬ್ದ, ಅದೇ ವೇಳೆ, ಪುಸ್ತಕ ತಡವಾಗಿ ಹಿಂದಿರುಗಿಸಿದ ವಿದ್ಯಾರ್ಥಿಯೂ ಕಾಲೇಜು ಗ್ರಂಥಾಲಯದಲ್ಲಿ ದಂಡವನ್ನೇ ಕಟ್ಟುತ್ತಾನೆ, ಅವನನ್ನು ಯಾರೂ ಅಪರಾಧಿಯೆನ್ನುವುದಿಲ್ಲ. ‘ಶುಲ್ಕ’ವು ಸುಂಕಕ್ಕೆ ಹತ್ತಿರವಾದುದು. ಇವೆರಡನ್ನು ಕೂಡಿಸಿದ ‘ದಂಡಶುಲ್ಕ’ವು, ಇಂಗ್ಲಿಷಿನ ಜೋಡುನುಡಿಯಲ್ಲಿರುವ ಒಳಜಗಳವನ್ನೂ ಉಳಿಸಿಕೊಳ್ಳುವುದರಿಂದ, ನಮಗೆ ಅತ್ಯಂತ ನಿಷ್ಠವಾದ ಅನುವಾದವೆಂದು ತೋರುತ್ತದೆ.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಸೇರಿಸಬಹುದು. ದಂಡದ ಹಣ ಯಾರಿಗೆ ಸೇರಬೇಕೆಂಬ ಪ್ರಶ್ನೆ ನಮ್ಮ ಶಾಸನಗಳನ್ನು ಓದಿದವರಿಗೆ ಹೊಸದಲ್ಲ. ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಊರನ್ನು ದತ್ತಿ ಬಿಡುವಾಗ ‘ಸದಶಾಪರಾಧ’ ಎಂಬ ವಿಶೇಷಣ ಬರುತ್ತದೆ. ಹತ್ತು ಬಗೆಯ ಅಪರಾಧಗಳಿಂದ ಬರುವ ದಂಡದ ಆದಾಯವೂ ದತ್ತಿ ಪಡೆದವನಿಗೆ ಸೇರಿದುದೆಂದು ಅದರ ತಾತ್ಪರ್ಯವೆಂದು ವಿದ್ವಾಂಸರು ಅರ್ಥಮಾಡಿರುವರು. ಅಪರಾಧವು ಅಪರಾಧವಾಗಿಯೇ ಉಳಿದು, ಹಣ ಮಾತ್ರ ಕೈ ಬದಲಾಯಿಸುತ್ತಿತ್ತು. ಇಂಗ್ಲೆಂಡಿನ ಹೊಸ ಏರ್ಪಾಡಿನಲ್ಲಿ ಎರಡೂ ಬದಲಾದುವು. ಹಣವು ಖಜಾನೆಯನ್ನು ಬಿಟ್ಟು ಸ್ಥಳೀಯ ಸಂಸ್ಥೆಯ ಪ್ರತ್ಯೇಕ ಲೆಕ್ಕಕ್ಕೆ ಬಂದಿತು. ಉಳಿದ ಹಣವನ್ನು ನಿಲುಗಡೆಯ ಸೌಕರ್ಯ, ಸಾರ್ವಜನಿಕ ಸಾರಿಗೆ, ರಸ್ತೆ ಮೊದಲಾದ ಉದ್ದೇಶಗಳಿಗೇ ವಿನಿಯೋಗಿಸಬೇಕೆಂದು 1984ರ ಶಾಸನದ 55ನೆಯ ವಿಧಿ ಕಟ್ಟು ಹಾಕಿದೆ. ವಾಹನಸ್ಥರ ಸಂಶಯವೆಲ್ಲ ಇಲ್ಲಿಯೇ: ದಂಡವೋ, ವೇಷ ಮರೆಸಿದ ತೆರಿಗೆಯೋ? ಆ ಸಂಶಯ ಪೂರ್ತಿ ಆಧಾರರಹಿತವೆಂದು ನಾವು ಹೇಳಲಾರೆವು.

ಹಣ ಯಾರು ಕೊಡಬೇಕು ಎಂಬಲ್ಲಿ ಪರಿಭಾಷೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಅಪರಾಧವಾದರೆ ಮಾಡಿದವನು, ಅಂದರೆ ಚಾಲಕ, ಹೊಣೆ. ಉಲ್ಲಂಘನೆಯಲ್ಲಿ ಸಾಮಾನ್ಯವಾಗಿ ಹೊಣೆ ‘ಓನರ್’ನದು, ಕಾರನ್ನು ಯಾರೇ ನಿಲ್ಲಿಸಿರಲಿ. ಆದರೆ ಈ ಓನರ್ ಎಂದರೆ ನಮ್ಮ ‘ಮಾಲೀಕ’ನೇ ಎಂದು ತಿಳಿಯುವಂತಿಲ್ಲ. 2004ರ ಶಾಸನದ ವ್ಯಾಖ್ಯೆಯಂತೆ ವಾಹನವನ್ನು ಯಾರು ಇಟ್ಟುಕೊಂಡಿರುವರೋ ಅವರೇ ಓನರ್. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರು ಓನರ್ ಎಂದು ಭಾವಿಸಲಾಗುತ್ತದೆ. ಅತ್ತ ನೋಂದಣಿ ಪತ್ರದ ಮೇಲೆಯೇ ‘ಇದು ಒಡೆತನಕ್ಕೆ ಪುರಾವೆಯಲ್ಲ’ ಎಂಬ ಅರ್ಥದ ಮಾತು ಅಚ್ಚಾಗಿರುತ್ತದೆ! ಆದುದರಿಂದ ‘ರಿಜಿಸ್ಟರ್ಡ್ ಕೀಪರ್’ನನ್ನು ‘ನೋಂದಿತ ವಾಹನಧಾರಕ’ ಎಂದೂ, ಈ ಕಾನೂನಿನ ‘ಓನರ್’ನನ್ನು ‘ಹೊಣೆಗಾರ ಒಡೆಯ’ ಎಂದೂ ನಾವು ಬೇರ್ಪಡಿಸಿಕೊಂಡೆವು. ತಂದೆಯ ಹೆಸರಿನ ಕಾರನ್ನು ಮಗ ಓಡಿಸಿದ ಸಂದರ್ಭದಲ್ಲಿ ‘ಮಾಲೀಕ’ ಎಂಬೊಂದೇ ಶಬ್ದದಿಂದ ಅನುವಾದವು ಓದುಗನನ್ನು ದಾರಿ ತಪ್ಪಿಸುತ್ತದೆ.

ಪತ್ರವ್ಯವಹಾರದ ಕ್ರಮವನ್ನು ಇನ್ನು ನೋಡೋಣ. ಮೊದಲು ಗಾಜಿನ ಮೇಲೆ ಅಂಟಿಸಿದ ದಂಡಶುಲ್ಕದ ನೋಟೀಸು. ಅದನ್ನು 14 ದಿನಗಳೊಳಗೆ ಕಟ್ಟಿದರೆ ಅರ್ಧ ಸಾಕು. ಇದಕ್ಕೆ ‘ಡಿಸ್ಕೌಂಟ್’ ಎಂದು ಅಂಗಡಿಯ ಶಬ್ದವನ್ನೇ ಬಳಸಿರುವರು. 2008ರ ದರಗಳಂತೆ ಲಂಡನ್ನಿನ ಹೊರಗೆ ಮೇಲಿನ ಶ್ರೇಣಿಯಲ್ಲಿ ಗುರುತರವಾದ ಉಲ್ಲಂಘನೆಗೆ 70 ಪೌಂಡು, ಲಘುವಾದುದಕ್ಕೆ 50 ಪೌಂಡು. ಕಟ್ಟದಿದ್ದರೆ 28 ದಿನಗಳ ಮೇಲೆ ‘ನೋಟೀಸ್ ಟು ಓನರ್’ ಬರುತ್ತದೆ. ಹೊಣೆಗಾರ ಒಡೆಯನು ವಿಧಿಬದ್ಧವಾಗಿ ‘ರೆಪ್ರೆಸೆಂಟೇಷನ್ಸ್’ ಸಲ್ಲಿಸತಕ್ಕುದು ಆಗಲೇ, 28 ದಿನಗಳೊಳಗೆ. ಇದನ್ನು ‘ಮನವಿ’ ಎಂದು ಅನುವಾದಿಸಿದ ವಿದ್ಯಾರ್ಥಿಯನ್ನು ನಾವು ತಡೆದೆವು. ಮನವಿಯಲ್ಲಿ ಬೇಡಿಕೆಯ ದನಿಯಿದೆ; ಇಲ್ಲಿ ಇರುವುದು ಹಕ್ಕಿನ ದನಿ. ಸಂಸ್ಥೆಯು 56 ದಿನಗಳೊಳಗೆ ಉತ್ತರಿಸದಿದ್ದರೆ ವಾಹನಸ್ಥನ ವಾದವನ್ನು ಒಪ್ಪಿದಂತೆಯೇ ಸರಿ. ‘ತಕರಾರು’ ಎಂಬ ಕೋರ್ಟಿನ ಹಳೆಯ ಮಾತು ಇದಕ್ಕೆ ಹೆಚ್ಚು ಹೊಂದುತ್ತದೆ.

ತಕರಾರನ್ನು ತಳ್ಳಿಹಾಕಿದರೆ ನ್ಯಾಯಮಂಡಲಿಗೆ ‘ಅಪೀಲ್.’ ಅಪೀಲ್ ಎಂದೊಡನೆ ಕೆಳಗೊಂದು ನ್ಯಾಯಾಲಯವಿತ್ತೆಂಬ ಭಾವನೆ ನಮಗೆ ಬರುತ್ತದೆ. ವಸ್ತುತಃ ಮೂರನೆಯವರೊಬ್ಬರು ಈ ವಿವಾದವನ್ನು ನೋಡುವುದು ಇದೇ ಮೊದಲು. ಲಂಡನ್ನಿಗೆ ‘ಲಂಡನ್ ಟ್ರೈಬ್ಯುನಲ್ಸ್’, ಇಂಗ್ಲೆಂಡಿನ ಉಳಿದ ಭಾಗಕ್ಕೂ ವೇಲ್ಸಿಗೂ ‘ಟ್ರಾಫಿಕ್ ಪೆನಾಲ್ಟಿ ಟ್ರೈಬ್ಯುನಲ್’ ಇವೆ. ನಿರ್ಣಾಯಕನು ಗೊತ್ತಾದ ಆಧಾರಗಳ ಮೇಲೆ ಮಾತ್ರ ನೋಟೀಸನ್ನು ರದ್ದು ಮಾಡಬಲ್ಲನು: ಉಲ್ಲಂಘನೆಯೇ ಆಗಿರಲಿಲ್ಲ, ವಾಹನವನ್ನು ಯಾರೋ ಒಪ್ಪಿಗೆಯಿಲ್ಲದೆ ಒಯ್ದಿದ್ದರು, ಸಂಸ್ಥೆಯ ಕಾರ್ಯಕ್ರಮದಲ್ಲಿ ಲೋಪವಿದೆ ಎಂಬಂಥವು. ಕರುಣೆಗೆ ಅರ್ಹವಾದ ಬಲವಾದ ಕಾರಣಗಳಿದ್ದರೂ ಆಧಾರವಿಲ್ಲದಿದ್ದರೆ ಅವನು ಶಿಫಾರಸು ಮಾಡಬಹುದೇ ಹೊರತು ತಾನೇ ಮಾಫಿ ಮಾಡಲಾರ. 1960ರ ಆ ವೈದ್ಯರಂಥವರ ಗತಿ ಇಂದು ಬಹಳ ಮಟ್ಟಿಗೆ ಸಂಸ್ಥೆಯ ವಿವೇಚನೆಯನ್ನೇ ಅವಲಂಬಿಸಿದೆ.

ಕಾಗದದ ಮೇಲಿನ ಮಾತುಗಳಿಗೆ ಎಷ್ಟು ತೂಕವುಂಟೆಂಬುದಕ್ಕೆ ಲಂಡನ್ನಿನ ಬಾರ್ನೆಟ್ ಭಾಗಕ್ಕೆ ಸಂಬಂಧಿಸಿದ 2006ರ ಹೈಕೋರ್ಟು ತೀರ್ಪು ನಿದರ್ಶನ. ನೋಟೀಸಿನಲ್ಲಿ ಉಲ್ಲಂಘನೆಯ ದಿನಾಂಕವಿದ್ದಿತು, ನೋಟೀಸಿನದೇ ದಿನಾಂಕ ಪ್ರತ್ಯೇಕವಾಗಿ ಇರಲಿಲ್ಲ. ಎರಡೂ ದಿನ ಒಂದೇ ಅಲ್ಲವೆ ಎಂದು ಸಂಸ್ಥೆ ಹೇಳಿಕೊಂಡರೂ, ಶಾಸನ ಕೇಳಿದ ವಿವರಗಳಿಲ್ಲದ ಪತ್ರದಿಂದ ಹಣದ ಹೊಣೆ ಹುಟ್ಟುವುದಿಲ್ಲವೆಂದು ನ್ಯಾಯಾಧೀಶರು ತೀರ್ಮಾನಿಸಿದರು.

ಇಷ್ಟಕ್ಕೂ ಸುಮ್ಮನಿದ್ದವನಿಗೆ ಬರುವುದು ‘ಚಾರ್ಜ್ ಸರ್ಟಿಫಿಕೇಟ್.’ ಮೊತ್ತ ಅರ್ಧದಷ್ಟು ಏರುತ್ತದೆ, ತಕರಾರಿನ ಹಕ್ಕು ತೀರಿಹೋಗುತ್ತದೆ. ಅನಂತರ ನಾರ್ಥಾಂಪ್ಟನ್ನಿನ ಕೇಂದ್ರದಲ್ಲಿ ಅದನ್ನು ಸಾಲವೆಂದು ನೋಂದಾಯಿಸಿ, ವಸೂಲಿ ಆದೇಶ, ಜಪ್ತಿಯ ವಾರಂಟು, ಮನೆ ಬಾಗಿಲಿಗೆ ಎನ್‌ಫೋರ್ಸ್‌ಮೆಂಟ್ ಏಜೆಂಟ್. ಅಪರಾಧವಲ್ಲವೆಂಬ ಮಾತ್ರಕ್ಕೆ ಇದು ಹಗುರವಾದ ಸಂಗತಿಯಲ್ಲ.

ಎರಡನೆಯ ಪತ್ರದ ಲೋಕವೇ ಬೇರೆ. ಅದರಲ್ಲಿ ಪಿ. ಸಿ. ಎನ್. ಎಂದರೆ ‘ಪಾರ್ಕಿಂಗ್ ಚಾರ್ಜ್ ನೋಟೀಸ್’; ‘ಪೆನಾಲ್ಟಿ’ ಎಂಬ ಮಾತು ಎಲ್ಲಿಯೂ ಇರುವುದಿಲ್ಲ. ಮೊದಲಕ್ಷರಗಳು ಒಂದೇ ಆಗಿರುವುದು ಕೇವಲ ಆಕಸ್ಮಿಕವೆಂದು ನಂಬುವುದು ನಮಗೆ ಕಷ್ಟ. ಬಯಲಿನ ಬಾಗಿಲಲ್ಲಿ ಹಾಕಿರುವ ಫಲಕವೇ ಒಪ್ಪಂದ. ಒಳಗೆ ಕಾರು ನಿಲ್ಲಿಸಿದವನು ಅದಕ್ಕೆ ಒಪ್ಪಿದವನು. ಮೀರಿದರೆ ಒಪ್ಪಂದದ ಹಣ ಕೊಡಬೇಕು. ಇದು ಕಂಪನಿಯ ವಾದ. ಚೆಲ್ಮ್ಸ್‌ಫರ್ಡಿನ ಅಂಗಡಿ ಬಯಲೊಂದರಲ್ಲಿ ಎರಡು ಗಂಟೆಯ ಮಿತಿಯನ್ನು 56 ನಿಮಿಷ ಮೀರಿದವನಿಂದ 85 ಪೌಂಡು ಕೇಳಿದ ಪಾರ್ಕಿಂಗ್‌ಐ ಕಂಪನಿಯ ಮೊಕದ್ದಮೆ 2015ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅಲ್ಲಿ ಪ್ರಶ್ನೆ ಈ ಹಣ ‘ಪೆನಾಲ್ಟಿ’ಯೇ ಎಂಬುದು. ಒಪ್ಪಂದದ ಕಾನೂನಿನಲ್ಲಿ ಪೆನಾಲ್ಟಿ ಎಂದರೆ ಮತ್ತೊಂದು ಅರ್ಥ: ನ್ಯಾಯಾಲಯ ಜಾರಿಗೊಳಿಸದ, ಮಿತಿಮೀರಿದ ಮೊತ್ತ. ನಗರಸಭೆಯ ಪತ್ರದಲ್ಲಿ ಪೆನಾಲ್ಟಿಯಾದುದರಿಂದಲೇ ಹಣ ಕೊಡಬೇಕು. ಕಂಪನಿಯ ಪತ್ರದಲ್ಲಿ ಪೆನಾಲ್ಟಿಯಾದರೆ ಕೊಡಬೇಕಾಗಿಲ್ಲ! ಆರು ನ್ಯಾಯಮೂರ್ತಿಗಳು ಅದು ಪೆನಾಲ್ಟಿಯಲ್ಲವೆಂದರು, ಒಬ್ಬರು ಭಿನ್ನಾಭಿಪ್ರಾಯ ಬರೆದರು, ಹಣ ಕೊಡಬೇಕಾಯಿತು. ಇಂಥ ಜಾಗಗಳಲ್ಲಿ ಚಾಲಕನು ಯಾರೆಂದು ತಿಳಿಯದಿದ್ದರೆ ವಾಹನಧಾರಕನಿಂದ ಕೇಳಲು 2012ರ ಶಾಸನವೊಂದು ಕಂಪನಿಗಳಿಗೆ ಷರತ್ತಿನ ಮೇಲೆ ಅವಕಾಶ ಕೊಟ್ಟಿದೆ. ಅದೇ ಶಾಸನವು ಖಾಸಗಿ ನೆಲದಲ್ಲಿ ಚಕ್ರಕ್ಕೆ ಬೀಗ ಹಾಕುವುದನ್ನು ಅಪರಾಧವಾಗಿಸಿತು.

ನಮ್ಮ ನಾಡಿನ ಮಾತು ಇದಕ್ಕೆ ಹೋಲಿಕೆಗಾಗಿ ಬೇಕು. ಬೆಂಗಳೂರಿನಲ್ಲಿ ನಿಲುಗಡೆಯ ತಪ್ಪಿಗೆ ಸಿಕ್ಕಿಬಿದ್ದವರು ‘ಕೇಸ್ ಹಾಕಿದರು, ಫೈನ್ ಕಟ್ಟಿದೆ’ ಎನ್ನುತ್ತಾರೆ. ಈ ಆಡುಮಾತನ್ನು ಒರಟೆಂದು ನಾವು ತಳ್ಳಿಬಿಡುತ್ತಿದ್ದೆವು. ನೋಡಿದರೆ ಅದು ಕಾನೂನಿಗೆ ಸರಿಯಾಗಿಯೇ ಇದೆ. 1988ರ ಮೋಟಾರು ವಾಹನಗಳ ಶಾಸನದಲ್ಲಿ ಇದು ಇಂದಿಗೂ ಅಪರಾಧ. ಪ್ರತ್ಯೇಕ ಶಿಕ್ಷೆ ಹೇಳದ ತಪ್ಪುಗಳಿಗೆ 177ನೆಯ ವಿಧಿಯಂತೆ, 2019ರ ತಿದ್ದುಪಡಿಯ ಅನಂತರ, ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1,500 ರೂಪಾಯಿವರೆಗೆ ಜುಲ್ಮಾನೆ. ರಸ್ತೆಯಲ್ಲಿ ಅಧಿಕಾರಿಗೆ ಕಟ್ಟುವ ಹಣವಾದರೋ 200ನೆಯ ವಿಧಿಯ ರಾಜಿಯ ಹಣ: ಕೊಟ್ಟರೆ ಕೇಸು ಮುಗಿಯಿತು. ಇಂಗ್ಲಿಷಿನ ‘ಫೈನ್’ ಹುಟ್ಟಿದುದು ‘ಕೊನೆ’ ಎಂಬರ್ಥದ ಲ್ಯಾಟಿನ್ ಶಬ್ದದಿಂದ, ವ್ಯವಹಾರವನ್ನು ಮುಗಿಸುವ ಹಣವೆಂಬ ಭಾವದಲ್ಲಿ. ಆ ಹಳೆಯ ಅರ್ಥ ನಮ್ಮ ರಾಜಿಯಲ್ಲಿ ಇನ್ನೂ ಉಸಿರಾಡುತ್ತಿದೆ. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಬಾಕಿಯಿದ್ದ ಸಂಚಾರ ದಂಡಗಳಿಗೆ ಅರ್ಧದಷ್ಟು ‘ರಿಯಾಯಿತಿ’ ಘೋಷಿಸಿದಾಗ ಅಲ್ಲಿನ ‘ಡಿಸ್ಕೌಂಟ್’ ನೆನಪಾಗದಿರಲಿಲ್ಲ. ಅಲ್ಲಿ ಅದು ಬೇಗ ಕಟ್ಟಿದವನಿಗೆ, ಇಲ್ಲಿ ತಡಮಾಡಿದವನಿಗೆ.

ಹೀಗಾಗಿ ನಮ್ಮ ಕಾನೂನನ್ನು ಕುರಿತು ಬರೆಯುವಾಗ ‘ದಂಡ’, ‘ಜುಲ್ಮಾನೆ’ ಎರಡನ್ನೂ ಉಳಿಸಿಕೊಂಡು, ಇಂಗ್ಲೆಂಡಿನ ನಗರಸಭೆಯ ಪತ್ರಕ್ಕೆ ‘ದಂಡಶುಲ್ಕದ ನೋಟೀಸು’ ಎಂದೂ, ಕಂಪನಿಯ ಪತ್ರಕ್ಕೆ ‘ನಿಲುಗಡೆ ಹಣದ ಕೇಳಿಕೆ’ ಎಂದೂ ತರಗತಿಯಲ್ಲಿ ತಿದ್ದಿಕೊಂಡೆವು. ‘ನೋಟೀಸು’ ಎಂಬುದನ್ನು ಎರಡನೆಯದರಿಂದ ಬೇಕೆಂದೇ ಬಿಟ್ಟಿದ್ದೇವೆ. ‘ನೋ ವೇಟಿಂಗ್’ ಎಂಬ ಫಲಕಕ್ಕೆ ಮಾತ್ರ ಒಮ್ಮತ ಬರಲಿಲ್ಲ. ‘ಕಾಯಬಾರದು’ ಎಂದರೆ ಮನುಷ್ಯನಿಗೆ ಹೇಳಿದಂತಾಗುತ್ತದೆ. ‘ನಿಲುಗಡೆ ನಿಷೇಧ’ ಎಂದರೆ ಪಾರ್ಕಿಂಗಿಗೂ ಇದಕ್ಕೂ ಭೇದ ಉಳಿಯುವುದಿಲ್ಲ. ‘ವಾಹನ ತಂಗಬಾರದು’ ಎಂದು ಒಬ್ಬ ವಿದ್ಯಾರ್ಥಿನಿ ಸೂಚಿಸಿದರು. ಬಸ್ಸು ತಂಗುದಾಣದ ನೆನಪು ಬರುವುದೆಂದು ಉಳಿದವರು ಆಕ್ಷೇಪಿಸಿದರು. ಪತ್ರ ಕಳುಹಿಸಿದ್ದ ಹಳೆಯ ವಿದ್ಯಾರ್ಥಿಗೆ ನಮ್ಮ ತಿದ್ದಿದ ಅನುವಾದ ತಲಪುವ ವೇಳೆಗೆ ಮೊದಲ ನೋಟೀಸಿನ 14 ದಿನಗಳಲ್ಲಿ ಎರಡು ಮಾತ್ರ ಉಳಿದಿದ್ದುವು. ಅವರು ಅರ್ಧ ಹಣವನ್ನು ಕಟ್ಟಿ, ಎರಡನೆಯ ಪತ್ರಕ್ಕೆ ಉತ್ತರವಾಗಿ ಫಲಕದ ಛಾಯಾಚಿತ್ರವನ್ನು ಕಳುಹಿಸಿಕೊಡಬೇಕೆಂದು ಕಂಪನಿಯನ್ನು ಕೇಳಿರುವರು.